ಕದಲಬೇಡ, ಮಿಡತೆ

ಮಾರ್ಚ್ 3

ಕೇಳಿರಿ, ಕೇಳಿರಿ, ನೂಲಿನ ಗಿರಣಿಯ ಹಗಲು ಪಾಳಿಯ ಮಹಾಜನಗಳೇ! ಚಹಾದ ಲೋಟ ಕೆಳಗಿಡಿ, ತಲೆಗೆ ಸುತ್ತಿದ ಬಟ್ಟೆಯನ್ನು ಕಿವಿಯಿಂದ ಸರಿಸಿ, ಹಿಂದಿನ ಬೆಂಚಿನವರು ಮುಂದೆ ಬನ್ನಿ! ನನ್ನ ತಂಗಿ ಈ ಕಾಗದವನ್ನು ಊಟದ ಬಿಡುವಿನಲ್ಲಿ ನಿಮಗೆಲ್ಲ ಓದಿ ಹೇಳುತ್ತಾಳೆಂದು ನನಗೆ ಗೊತ್ತು. ಅದಕ್ಕೇ ಇದನ್ನು ಕೂತು ಬರೆಯುತ್ತಿಲ್ಲ, ಎದ್ದು ನಿಂತು ಬರೆಯುತ್ತಿದ್ದೇನೆ!

ತಂಗೀ, ಕಂಬ ಹಿಡಿದುಕೋ. ಈ ತಿಂಗಳ ಹದಿನಾರರಿಂದ ಇಪ್ಪತ್ತರವರೆಗೆ ನಮ್ಮ ಊರಿನ ದೊಡ್ಡ ಕ್ರೀಡಾಂಗಣದಲ್ಲಿ ನೆರೆಹೊರೆ ದೇಶಗಳ ಅಥ್ಲೆಟಿಕ್ಸ್ ಕೂಟ. ನಾಲ್ಕು ದೇಶ, ನಾಲ್ಕು ಬಾವುಟ, ಇಡೀ ಅಂಗಣಕ್ಕೆ ಒಂದೇ ಮೈಕು. ಆ ಮೈಕು ಯಾರ ಕೈಗೆ? ನಾಟಕ ಕಂಪನಿ ಮುಚ್ಚಿದ ಮೇಲೆ ಶಾಲೆಗಳ ಓಟಕ್ಕೂ ಅಂಗಡಿಗಳ ಉದ್ಘಾಟನೆಗೂ ಗಂಟಲು ಸವೆಸುತ್ತಿದ್ದ ನಿನ್ನ ಅಣ್ಣನ ಕೈಗೆ! ಪರೀಕ್ಷೆಗೆ ಕರೆದಿದ್ದರು. ನಾನು ಎರಡು ವಾಕ್ಯ ಹೇಳುವಷ್ಟರಲ್ಲಿ ಕಾರ್ಯದರ್ಶಿ ಸಾಹೇಬರು ಕಿಟಕಿ ಮುಚ್ಚಿಸಿ, "ಸಾಕು ಮಾರಾಯ್ರೆ, ಪಕ್ಕದ ಆಫೀಸಿನವರು ಬೆಂಕಿ ಬಿತ್ತು ಅಂದ್ಕೊಂಡು ಕೆಳಗಿಳಿದ್ರು" ಎಂದರು. ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕೇ?

ಇಷ್ಟಕ್ಕೇ ನಿಲ್ಲಲಿಲ್ಲ ಕಥೆ. ನಿಮ್ಮ ದೇಶದ ತಂಡದ ಪಟ್ಟಿ ಬಂತು. ನೂರು ಮೀಟರ್, ಇನ್ನೂರು ಮೀಟರ್, ಎರಡರಲ್ಲೂ ಯಾರ ಹೆಸರು? ನಮ್ಮ ಮಿಡತೆಯದು! ಕುರ್ಚಿಯಿಂದ ಹಾರಿದೆ, ಮೇಜು ಮೊಣಕಾಲಿಗೆ ಬಡಿಯಿತು. ನನ್ನ ತಂಗಿಯ ಮಗಳು ಎಂದು ಕೂಗಬೇಕೆನಿಸಿತು, ನಾಲಿಗೆ ಕಚ್ಚಿಕೊಂಡೆ. ಎದುರು ತಂಡದ ಹುಡುಗಿಗೆ ಸೋದರಮಾವ ಎಂದು ಗೊತ್ತಾದರೆ ಮೈಕು ಕೈಜಾರೀತು. ಗುಟ್ಟು ನಿಮ್ಮಲ್ಲೇ ಇರಲಿ, ಮಹಾಜನಗಳೇ!

ತಂಗೀ, ಅವಳ ಓಟ ಎಲ್ಲಿ ಹುಟ್ಟಿತು, ನೆನಪಿದೆಯಲ್ಲ? ತಗಡಿನ ಥಿಯೇಟರಿನಲ್ಲಿ. ನೀನು ಎರಡು ಪಾಳಿ ದುಡಿಯುತ್ತಿದ್ದ ಕಾಲ, ರಜೆ ಬಂತೆಂದರೆ ಅವಳು ನನ್ನ ಪಾಲಿಗೆ. ಪರದೆ ಏಳುವ ಮೊದಲು ಜನರನ್ನು ಸುಮ್ಮನಾಗಿಸುವ ಕೆಲಸ ನನ್ನದು. ಸದ್ದು! ಸದ್ದೂ! ಸದ್ದೂಊಊ! ಏರಿಸಿ, ಏರಿಸಿ, ತುದಿಗೆ ಹತ್ತಿಸಿ, ಫಟ್ಟನೆ ನಿಲ್ಲಿಸುತ್ತಿದ್ದೆ. ಸೂಜಿ ಬಿದ್ದರೂ ಕೇಳುವ ಆ ನಿಶ್ಶಬ್ದಕ್ಕೆ ಸರಿಯಾಗಿ ಪುಟ್ಟ ದೂತ ಪರದೆಯ ಮುಂದೆ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಬಾಣದಂತೆ ಓಡಬೇಕಿತ್ತು. ಆ ದೂತ ನಮ್ಮ ಮಿಡತೆ! ಕಂಪನಿ ಮುಚ್ಚಿದ ಮೇಲೂ ಅದೇ ಕೂಗು, ಅದೇ ಓಟ, ಮನೆಯ ಹಿಂದಿನ ಓಣಿಯಲ್ಲಿ, ನಲ್ಲಿಯಿಂದ ಟೈಲರ್ ಅಂಗಡಿಯ ಮೆಟ್ಟಿಲಿನವರೆಗೆ. ಕೋಚುಗಳು ಆಮೇಲೆ ಬಂದರು. ಮೊದಲ ಗುರು ನಾನೇ!

ನಿನ್ನ ಅಣ್ಣ


ಮಾರ್ಚ್ 7

ಅಣ್ಣಾ,

ಗಡಿ ದಾಟಿ ಬರುವ ಬಸ್ಸಿನ ಮೀಸೆ ಡ್ರೈವರು ನಿನ್ನ ಕಾಗದವನ್ನು ಗಿರಣಿಯ ಗೇಟಿಗೇ ತಂದುಕೊಟ್ಟ. ಬಿಡುವಿನಲ್ಲಿ ಓದಿ ಹೇಳಿದೆ. ಎಲ್ಲರೂ ನಕ್ಕರು, ನಕ್ಕದ್ದು ಕಂಡಿತು. ನನ್ನ ದನಿ ನನಗೇ ಈಗ ಕೇಳುವುದಿಲ್ಲ. ಗಂಟಲ ಮೇಲೆ ಬೆರಳಿಟ್ಟುಕೊಂಡು ಓದುತ್ತೇನೆ, ಅದುರಿದರೆ ದನಿ ಬರುತ್ತಿದೆ ಎಂದು ಲೆಕ್ಕ. ಇಷ್ಟು ವರ್ಷ ಯಂತ್ರದ ಪಕ್ಕ ನಿಂತವರಿಗೆ ಹೀಗೇ ಆಗುವುದು ಎಂದರು ಡಾಕ್ಟರು. ಫೋನಿನ ಕಾಲ ನನಗೆ ಮುಗಿಯಿತು. ನೀನು ಬರೆಯುತ್ತಿರು.

ಮಿಡತೆ ಭಾನುವಾರ ಕ್ರೀಡಾ ಹಾಸ್ಟೆಲಿನಿಂದ ಬಂದು ಹೋದಳು. ಚೆನ್ನಾಗಿದ್ದಾಳೆ. ಊಟ ಸ್ವಲ್ಪ ಕಡಿಮೆ, ಓಟದ ಮುಂಚೆ ಎಲ್ಲರಿಗೂ ಹಾಗೇ ಅಂತೆ.

ಒಂದು ಮಾತು ಕೇಳಲೇ? ಐದೂ ದಿನ ನೀನೊಬ್ಬನೇ ಮೈಕಿನಲ್ಲಿ ಇರುತ್ತೀಯಾ? ಬೇರೆ ಯಾರೂ ಇಲ್ಲವೇ? ಗೆದ್ದವರ ಹೆಸರು ಹೇಳಿದರೆ ಸಾಕೇ, ಅಥವಾ ಓಟ ಶುರುವಾಗುವ ಹೊತ್ತಿನಲ್ಲೂ ನೀನೇ ಕೂಗಬೇಕೇ? ನಿನ್ನ ಗಂಟಲಿಗೆ ತ್ರಾಸಾಗಬಾರದು ಎಂದು ಕೇಳಿದೆ, ಮತ್ತೇನಿಲ್ಲ. ಅತ್ತಿಗೆಗೆ ಹೇಳು, ಬಿಸಿನೀರು ಕೊಡುತ್ತಿರಲಿ.

ತಂಗಿ


ಮಾರ್ಚ್ 10

ಮಹಾಜನಗಳೇ! ನಿಮ್ಮ ನಡುವೆ ಕೂತಿರುವ ನನ್ನ ತಂಗಿಗೆ ಅಣ್ಣನ ಗಂಟಲಿನ ಚಿಂತೆ ಹತ್ತಿದೆಯಂತೆ! ಚಳಿಯಲ್ಲಿ, ಧೂಳಿನಲ್ಲಿ, ಅರೆಹೊಟ್ಟೆಯಲ್ಲಿ ಮೂರು ತಾಸಿನ ನಾಟಕ ಎಳೆದ ಗಂಟಲು ಇದು. ಇದಕ್ಕೆ ಬಿಸಿನೀರಂತೆ!

ನಿಜ ಹೇಳು ತಂಗೀ, ಅಣ್ಣ ತನ್ನ ದೇಶದ ಹುಡುಗಿಯರನ್ನು ಹೊಗಳಿ ನಿನ್ನ ಮಗಳನ್ನು ಕಡೆಗಣಿಸಿಯಾನು ಎಂಬ ಅನುಮಾನ ತಾನೇ? ಅಯ್ಯೋ ಮಂಕೇ! ಎಂಟು ಸಾಲಿಗೆ ಎಂಟೂ ಹೆಸರನ್ನು ಒಂದೇ ತಕ್ಕಡಿಯಲ್ಲಿ ತೂಗುತ್ತೇನೆ. ತಕ್ಕಡಿ ಸ್ವಲ್ಪ ವಾಲಿದರೆ ಯಾವ ಕಡೆ ಎಂಬುದು ನನಗೂ ನಿನಗೂ ಗೊತ್ತು.

ನಿನ್ನೆ ಒಂದು ತಾಲೀಮು ಕೂಟ ನಡೆಯಿತು. ಅಂಗಣ ಅರ್ಧ ತುಂಬಿರಲಿಲ್ಲ, ಆದರೂ ಏನು ಗದ್ದಲ! ಹೊರಗಿನ ತಂಡದ ಹುಡುಗಿಯರು ಕಾಲೂರುವ ಬ್ಲಾಕಿನ ಮೇಲೆ ಬಗ್ಗಿದರೋ ಇಲ್ಲವೋ, ತಗಡು ಬಡಿಯುವುದೇನು, ಸಿಳ್ಳೆಯೇನು, ಹಾಳು ಮಾತೇನು. ಗುಂಡು ಹಾರಿಸುವ ಮೇಷ್ಟ್ರು ಪಿಸ್ತೂಲು ಎತ್ತಿ ಇಳಿಸಿ, ಎತ್ತಿ ಇಳಿಸಿ ಸೋತರು. ಕಡೆಗೆ ಮೇಲಿದ್ದ ನನ್ನ ಮೈಕಿನ ಗೂಡಿನತ್ತ ನೋಡಿದರು. ನಾನು ಹಳೆಯ ಅಸ್ತ್ರ ತೆಗೆದೆ. ಸದ್ದು! ಸದ್ದೂ! ಸದ್ದೂಊಊ! ಫಟ್! ಆಹಾ, ಬಡಿಯುತ್ತಿದ್ದ ತಗಡು ಅರ್ಧದಲ್ಲೇ ನಿಂತುಬಿಟ್ಟಿತು. ಸಾಹೇಬರು ಮೆಟ್ಟಿಲು ಹತ್ತಿ ಬಂದು, "ಇನ್ಮೇಲೆ ಪ್ರತಿ ಓಟಕ್ಕೂ ಇದೇ ಆಗ್ಬೇಕು, ತಿಳೀತಾ?" ಎಂದು ಆಜ್ಞೆ ಮಾಡಿದರು.

ನಿನ್ನ ಪ್ರಶ್ನೆಗೆ ಉತ್ತರ ಸಿಕ್ಕಿತಲ್ಲ? ಓಟ ಶುರುವಾಗುವ ಹೊತ್ತಿನಲ್ಲೇ ನನ್ನ ಮುಖ್ಯ ಪಾತ್ರ! ಮಿಡತೆಯ ಓಟಕ್ಕಂತೂ ತಗಡಿನ ಥಿಯೇಟರಿನ ಹಾಗೆಯೇ, ಒಂದು ಎಳೆಯೂ ಕಡಿಮೆ ಮಾಡದೆ ಕೂಗುತ್ತೇನೆ. ಪರದೇಶದ ಅಂಗಣದಲ್ಲಿ ಒಂದು ಸ್ವಂತ ದನಿ ಕೇಳಿದರೆ ಮಗುವಿನ ಕಾಲಿಗೆ ರೆಕ್ಕೆ ಬರುತ್ತದೆ.

ನಿನ್ನ ಅಣ್ಣ


ಮಾರ್ಚ್ 13

ಅಣ್ಣಾ,

ಈ ಕಾಗದದ ವಿಷಯ ಗಿರಣಿಯಲ್ಲಿ ಯಾರಿಗೂ ಹೇಳಿಲ್ಲ.

ಮಿಡತೆ ನಿನ್ನೆ ತಂಡದ ಜೊತೆ ಹೊರಟಳು. ಹಾಸ್ಟೆಲಿನ ಗೇಟಿನವರೆಗೆ ಹೋಗಿದ್ದೆ. ಚೀಲ ಎರಡು ಸಲ ಬಿಚ್ಚಿ ಕಟ್ಟಿದಳು, ಒಳಗೆ ಏನೂ ಬದಲಾಗಿರಲಿಲ್ಲ. ಆಮೇಲೆ ನನ್ನ ಮುಖಕ್ಕೆ ಮುಖ ಕೊಟ್ಟು, ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳಿದಳು. "ಮಾವನಿಗೆ ಏನೂ ಬರೀಬೇಡಮ್ಮ. ಪ್ರಾಮಿಸ್ ಮಾಡು." ಮಾಡಿದೆ. ಈಗ ಬರೆಯುತ್ತಿದ್ದೇನೆ.

ಹೋದ ಕಾಗದದ ಪ್ರಶ್ನೆ ನನ್ನದಲ್ಲ, ಅವಳದು. ಮೈಕು ನಿನ್ನ ಕೈಗೆ ಬಂತು ಎಂದಾಗ ತಟ್ಟೆ ಸರಿಸಿ, "ಓಟ ಶುರು ಆಗೋವಾಗ್ಲೂ ಮಾವನೇ ಕೂಗ್ತಾರಾ?" ಎಂದು ಕೇಳಿದ್ದಳು. ಯಾಕೆ ಎಂದರೆ ಎದ್ದುಹೋದಳು. ನೊಂದುಕೊಳ್ಳಬೇಡ ಅಣ್ಣಾ. ವಯಸ್ಸಿನ ಹುಡುಗಿ, ಜೊತೆಯವರ ಮುಂದೆ ನಾಟಕದ ಮಾವ ಎಂದರೆ ನಾಚಿಕೆಯಿರಬೇಕು. ನನಗೆ ತಿಳಿದದ್ದು ಇಷ್ಟೇ.

ಇನ್ನೊಂದು. ಕಳೆದ ಆಯ್ಕೆ ಓಟದಲ್ಲಿ ಗುಂಡಿಗೆ ಮೊದಲೇ ಎದ್ದಿದ್ದಳಂತೆ. ಯಾರೋ ಹುಡುಗರು ಹರಟೆ ಹೊಡೆಯುತ್ತಿದ್ದವರು ಒಮ್ಮೆಗೇ ಸುಮ್ಮನಾದರಂತೆ, ಇವಳು ಎದ್ದುಬಿಟ್ಟಳಂತೆ. ಅವಳ ಕೋಚಮ್ಮ ಹೇಗೋ ಮಾತಾಡಿ ಉಳಿಸಿಕೊಂಡಿದ್ದಾರೆ. ಈ ಕೂಟದಲ್ಲಿ ಎರಡೂ ಓಟ ಹಾಗೇ ಕೆಟ್ಟರೆ ಹಾಸ್ಟೆಲಿನ ಮಂಚ ಬೇರೆಯವರಿಗೆ. ಮಂಚ ಹೋದರೆ ಓಟವೂ ಹೋಯಿತು. ನನ್ನ ಪಕ್ಕದ ಯಂತ್ರ ಖಾಲಿಯಿದೆ ಎಂದು ಮೇಸ್ತ್ರಿ ಆಗಲೇ ಎರಡು ಸಲ ಹೇಳಿದ್ದಾನೆ. ಅವಳ ಕಿವಿಯೂ ನನ್ನ ಕಿವಿಯ ಹಾಗಾಗುವುದು ನನಗೆ ಬೇಡ.

ಸ್ವಲ್ಪ ಸಣ್ಣ ದನಿಯಲ್ಲಿ ಕೂಗು. ಅಷ್ಟೇ ನಾನು ಕೇಳುವುದು.

ತಂಗಿ


ಮಾರ್ಚ್ 16, ಸಂಜೆ

ತಂಗೀ,

ಇದನ್ನು ಬಿಡುವಿನಲ್ಲಿ ಓದಬೇಡ. ಮಹಾಜನಗಳು ಮನೆಗೆ ಹೋಗಲಿ.

ನೀನು ಟಿವಿಯಲ್ಲಿ ನೋಡಿರುತ್ತೀ. ಆದರೂ ನಾನು ಕಂಡದ್ದನ್ನು ಹೇಳಲೇಬೇಕು, ಇಲ್ಲದಿದ್ದರೆ ಎದೆ ಒಡೆಯುತ್ತದೆ. ನೂರು ಮೀಟರ್. ಅಂಗಣ ಕಿಕ್ಕಿರಿದಿತ್ತು. ಎಂಟು ಹುಡುಗಿಯರು ಬಂದರು, ನಾಲ್ಕನೆಯ ಸಾಲಿನಲ್ಲಿ ಕೆಂಪು ಬನಿಯನ್ನಿನ ನಮ್ಮ ಮಿಡತೆ. ಅವಳು ಇಷ್ಟು ಎತ್ತರವಾಗಿದ್ದು ಯಾವಾಗ? ಹೆಸರು ಹೇಳಿದೆ. ಉಳಿದವರು ಕೈ ಬೀಸಿದರು. ಇವಳು ಒಮ್ಮೆ ಮೇಲೆ ನನ್ನ ಗೂಡಿನ ಕಡೆ ನೋಡಿ ತಲೆ ತಗ್ಗಿಸಿದಳು. ನಾಚಿಕೆ ಎಂದು ನೀನು ಬರೆದಿದ್ದೆಯಲ್ಲ, ಆ ಮಾತು ಚುರ್ರೆಂದಿತು. ಇರಲಿ ಎಂದುಕೊಂಡೆ. ನಾಚಿಕೆ ಇರುವ ಕಡೆ ಇನ್ನಷ್ಟು ಗಟ್ಟಿಯಾಗಿ ಪ್ರೀತಿ ತೋರಿಸಬೇಕು ಎಂದುಕೊಂಡೆ.

ಜನ ಕೂಗುತ್ತಿದ್ದರು. ಮೇಷ್ಟ್ರು ನನ್ನತ್ತ ನೋಡಿದರು. ಕೂಗಿದೆ. ಇಡೀ ಜೀವಮಾನದಲ್ಲಿ ಅಂಥ ಕೂಗು ಕೂಗಿಲ್ಲ ತಂಗೀ. ಹುಡುಗಿಯರು ಬಗ್ಗಿ, ಸೊಂಟ ಎತ್ತಿ ನಿಂತದ್ದಕ್ಕೂ ನಾನು ತುದಿ ಮುಟ್ಟಿ ನಿಲ್ಲಿಸಿದ್ದಕ್ಕೂ ಸರಿಹೋಯಿತು. ಸಾವಿರಾರು ಜನರ ಮೇಲೆ ಕಂಬಳಿ ಹೊದಿಸಿದ ಹಾಗೆ ಮೌನ ಬಿತ್ತು.

ಆ ಮೌನದೊಳಗೆ ಒಬ್ಬಳೇ ಒಬ್ಬಳು ಎದ್ದು ಓಡಿದಳು.

ಏನು ಓಟ! ಹಿಂದೆ ಯಾರೂ ಇಲ್ಲ, ಪಕ್ಕದಲ್ಲಿ ಯಾರೂ ಇಲ್ಲ, ತಪ್ಪು ಆರಂಭ ಎಂದು ಹಿಂದೆ ಕರೆಯುವ ಗುಂಡು ಎರಡು ಸಲ ಹಾರಿತು. ಅರ್ಧ ದಾರಿಯಲ್ಲಿ ನಿಂತಳು. ಸೊಂಟದ ಮೇಲೆ ಕೈಯಿಟ್ಟು ವಾಪಸ್ ನಡೆದುಬಂದಳು. ಕೆಂಪು ಚೀಟಿ ತೋರಿಸಿದರು. ಜನ ಚಪ್ಪಾಳೆ ತಟ್ಟಿದರು ತಂಗೀ, ಅವಳು ಹೊರಬಿದ್ದದ್ದಕ್ಕೆ ಚಪ್ಪಾಳೆ! ಅದನ್ನು ಸಾರುವ ಕೆಲಸವೂ ನನ್ನದೇ. "ನಾಲ್ಕನೆಯ ಸಾಲು, ಅನರ್ಹ!" ಸಣ್ಣ ದನಿ ನನಗೆ ಬರುವುದಿಲ್ಲ. ಗೂಡಿನ ಕೆಳಗೆ ಹಾದುಹೋಗುವಾಗ ಬಗ್ಗಿ "ಮಿಡತೇ" ಎಂದೆ. ತಲೆಯೆತ್ತಲಿಲ್ಲ.

ಇದು ಆ ಪಿಸ್ತೂಲಿನ ಮೇಷ್ಟ್ರ ತಪ್ಪು. ಸೀದಾ ಅವರ ಕೋಣೆಗೆ ನುಗ್ಗಿದೆ.

"ಎಷ್ಟು ಹೊತ್ತು ಹಿಡಿದಿಟ್ರಿ ಮಕ್ಕಳನ್ನ?"

"ಯಾವಾಗ್ಲೂ ಹಿಡಿಯೋ ಅಷ್ಟೇ."

"ನಿಮ್ಮ ಕೈ ಅಲುಗಾಡ್ತು. ನಾನು ಕಂಡೆ."

ಅವರು ಪಿಸ್ತೂಲು ಒರೆಸುತ್ತಿದ್ದವರು ಒರೆಸುತ್ತಲೇ ಹೇಳಿದರು. "ಕೈ ಅಲುಗಾಡಿದ್ರೆ ಎಂಟೂ ಜನ ಓಡ್ತಿದ್ರು. ಓಡಿದ್ದು ಒಬ್ಬಳು. ಆ ಹುಡುಗಿ ಇನ್ನೇನೋ ಕೇಳಿಸ್ಕೊಂಡ್ಲು ಸ್ವಾಮಿ."

ಏನು ಕೇಳಿಸಿಕೊಂಡಾಳು? ಇಡೀ ಅಂಗಣದಲ್ಲಿ ಒಂದು ಉಸಿರಿಲ್ಲ. ನಾನೂ ಆಗಲೇ ಬಾಯಿ ಮುಚ್ಚಿದ್ದೆ! ನಾಳೆ ಮೇಷ್ಟ್ರ ಮೇಲೆ ದೂರು ಕೊಡುತ್ತೇನೆ. ಸಾಹೇಬರ ಮುಂದೆ ಗುಡುಗುತ್ತೇನೆ. ನೀನು ಧೈರ್ಯವಾಗಿರು.

ಅಣ್ಣ


ಮಾರ್ಚ್ 17

ಅಣ್ಣಾ,

ದೂರು ಕೊಡಬೇಡ. ಮೇಷ್ಟ್ರ ಕೈ ಅಲುಗಾಡಲಿಲ್ಲ.

ಗಿರಣಿಯ ಕ್ಯಾಂಟೀನಿನಲ್ಲಿ ಟಿವಿ ಇಟ್ಟಿದ್ದರು. ಎಲ್ಲರಿಗೂ ಕೇಳುತ್ತಿತ್ತು, ನನಗೆ ಬರೀ ಕಾಣುತ್ತಿತ್ತು. ಓಟಕ್ಕೆ ಮುಂಚೆ ಜನರನ್ನು ತೋರಿಸಿದರು. ಸಾಲುಸಾಲಾಗಿ ತೆರೆದ ಬಾಯಿಗಳು, ಹಲ್ಲು, ನಾಲಿಗೆ. ನೋಡುತ್ತಿದ್ದಂತೆ ಅಷ್ಟೂ ಬಾಯಿ ಒಮ್ಮೆಗೇ ಮುಚ್ಚಿಕೊಂಡವು. ಅಷ್ಟು ಜನರ ಬಾಯಿ ಒಮ್ಮೆಗೇ ಮುಚ್ಚಿಸಬಲ್ಲವನು ನನಗೆ ಗೊತ್ತಿರುವ ಮಟ್ಟಿಗೆ ಒಬ್ಬನೇ. ಅಣ್ಣ ಕೂಗಿ ನಿಲ್ಲಿಸಿದ ಎಂದುಕೊಂಡೆ. ಹೆಮ್ಮೆಯೂ ಆಯಿತು, ಸುಳ್ಳೇಕೆ.

ಆಮೇಲೆ ಹುಡುಗಿಯರ ಬೆನ್ನು ತೋರಿಸಿದರು. ಏಳು ಬೆನ್ನು ಕಲ್ಲು. ಮಿಡತೆಯ ಎಡ ಭುಜ ಒಂದು ಚೂರು ಇಳಿಯಿತು. ಆ ಭುಜ ಇಳಿದ ಮೇಲೆ ಅವಳು ನಿಲ್ಲುವುದಿಲ್ಲ, ಅದು ನನಗೆ ಗೊತ್ತು. ಒಂದು ಸಂಜೆ ನಿಮ್ಮ ಥಿಯೇಟರಿನ ಪಕ್ಕದ ಪರದೆಯ ಮರೆಯಲ್ಲಿ ಅವಳ ಹಿಂದೆ ನಿಂತಿದ್ದೆ. ಕಾಗದದ ಕಿರೀಟ ಹಾಕಿಕೊಂಡು ಕಾಯುತ್ತಿದ್ದಳು. ನೀನು ಕೂಗಿ ನಿಲ್ಲಿಸಿದೆ, ಆ ಭುಜ ಇಳಿಯಿತು, ಹಾರಿದಳು.

ಅಣ್ಣಾ, ಅವಳಿಗೆ ಹೊರಡು ಎಂದು ಹೇಳುವುದು ಗುಂಡಲ್ಲ. ನೀನು ಸುಮ್ಮನಾಗುವುದು.

ಅವಳು ನಾಚಿದ್ದಲ್ಲ, ಹೆದರಿದ್ದು. ನಿನಗೆ ತಿಳಿದರೆ ನೀನು ಮೈಕು ಬಿಡುತ್ತೀ ಎಂದು ಬಾಯಿ ಮುಚ್ಚಿಕೊಂಡಿದ್ದಳು. ಕಂಪನಿ ಮುಚ್ಚಿದ ಮೇಲೆ ನೀನು ಹೇಗಿದ್ದೆ ಎಂಬುದನ್ನು ಅವಳೂ ನೋಡಿದ್ದಾಳಲ್ಲ, ಆ ಓಣಿಯಲ್ಲಿ. ನನಗೂ ಇದನ್ನು ಬರೆಯುವ ಮನಸ್ಸಿರಲಿಲ್ಲ. ಆದರೆ ಇಪ್ಪತ್ತರ ಬೆಳಗ್ಗೆ ಇನ್ನೂರು ಮೀಟರ್ ಇದೆ. ಅದೊಂದೇ ಉಳಿದಿರುವುದು.

ತಂಗಿ


ಮಾರ್ಚ್ 18

ಅಣ್ಣಾ,

ಮೀಸೆ ಡ್ರೈವರು ಬರಿಗೈಯಲ್ಲಿ ಬಂದ. "ಕಾಗದ ಕೈಗೇ ಕೊಟ್ಟೆ ಅಕ್ಕ, ನನ್ನೆದುರೇ ಓದಿದ್ರು, ಒಂದ್ ಮಾತಾಡ್ಲಿಲ್ಲ" ಎಂದ. ನೀನು ಒಂದು ಮಾತೂ ಆಡಲಿಲ್ಲ ಎಂದರೆ ನಂಬುವುದು ಹೇಗೆ? ಅವನ ತುಟಿ ಸರಿಯಾಗಿ ಓದಲಿಲ್ಲವೋ ಎಂದು ಮತ್ತೊಮ್ಮೆ ಹೇಳಿಸಿದೆ.

ಇವತ್ತು ಎರಡು ಸಲ ಎಳೆ ಹರಿದುಕೊಂಡೆ. ಎದುರಿನ ಯಂತ್ರದವಳು, "ಏನೇ, ಅಣ್ಣನ ನಾಟಕ ಬಂದಿಲ್ವಾ?" ಎಂದು ಸನ್ನೆ ಮಾಡಿ ಕೇಳಿದಳು. ಕಾಗದ ಇನ್ನೂ ಬರಬೇಕು ಎಂದೆ.

ಬೈದರೂ ಸರಿ, ಬರಿ.

ತಂಗಿ


ಮಾರ್ಚ್ 19, ಸಂಜೆ ಬಸ್ಸಿಗೆ ಮುಂಚೆ

ತಂಗೀ,

ಬೈಯಲೆಂದೇ ಕೂತಿದ್ದೆ. ಎರಡು ಕಾಗದ ಬರೆದು ಹರಿದೆ. ಒಂದರಲ್ಲಿ ನಿನ್ನ ಕಿವಿಯ ಬಗ್ಗೆ ಒಂದು ಮಾತಿತ್ತು. ಹರಿದದ್ದು ಒಳ್ಳೆಯದಾಯಿತು.

ಆಮೇಲೆ ನೀನು ಕೇಳಿದ ಸಣ್ಣ ದನಿಯನ್ನು ಹುಡುಕಲು ಹೊರಟೆ. ಸ್ನಾನದ ಕೋಣೆಯ ಬಾಗಿಲು ಹಾಕಿಕೊಂಡು, ಏರದೆ, ಇಳಿಯದೆ, "ಪ್ರೇಕ್ಷಕರು ದಯವಿಟ್ಟು ಸುಮ್ಮನಿರಬೇಕು" ಎಂದು ಹೇಳಿ ನೋಡಿದೆ. ನಿನ್ನ ಅತ್ತಿಗೆ ಬಾಗಿಲು ಬಡಿದಳು.

"ಯಾರು ಹೋದ್ರು?"

"ಯಾರೂ ಹೋಗಿಲ್ಲ ಕಣೆ. ಸಣ್ಣಗೆ ಮಾತಾಡೋದು ಕಲೀತಿದೀನಿ."

"ನೀವು ಉಪ್ಪು ಕೇಳಿದ್ರೂ ಯುದ್ಧ ಸಾರಿದ ಹಾಗಿರುತ್ತೆ. ಈಗ ನೋಡಿದ್ರೆ ಸತ್ತೋರ ಹೆಸರು ಓದೋ ಹಾಗಿದೆ. ಇವೆರಡರ ಮಧ್ಯೆ ಏನೂ ಇಲ್ವಾ ನಿಮ್ಮ ಹತ್ರ?"

ಇಲ್ಲ ತಂಗೀ. ತಡಕಾಡಿದೆ, ಇಲ್ಲ. ಬಾಗಿಲು ತೆಗೆದು ಅವಳ ಕೈಗೆ ನಿನ್ನ ಕಾಗದ ಕೊಟ್ಟೆ. ಓದಿ, ಸೆರಗಿನಲ್ಲಿ ಕೈ ಒರೆಸಿಕೊಂಡು, "ಮೈಕು ವಾಪಸ್ ಕೊಟ್ಟು ಬನ್ನಿ" ಎಂದಳು.

ಕೊಡಲು ಹೋದೆ. ಮಿಡತೆ ನನ್ನ ಸೋದರಸೊಸೆ ಎಂಬುದನ್ನೂ ಬಿಚ್ಚಿಟ್ಟೆ. ಸಾಹೇಬರಿಗೆ ಸಿಟ್ಟು ಬರುತ್ತದೆಂದುಕೊಂಡಿದ್ದೆ, ಅವರು ತಲೆ ಹಿಡಿದುಕೊಂಡು ಕೂತರು. "ನೀವು ಹೋದ್ರೆ ಈ ಜನಾನ ಸುಮ್ಮನಾಗಿಸೋರು ಯಾರ್ರೀ? ನಿನ್ನೆ ನೀವು ಊಟಕ್ಕೆ ಇಳಿದಾಗ ಬೇರೆಯವರ ಕೈಲಿ ಹೇಳ್ಸಿದೆ. ನೆರೆ ದೇಶದ ಹುಡುಗೀರ ಮೇಲೆ ಬಾಟ್ಲಿ ಬಿತ್ತು. ಓಟ ಅರ್ಧ ಗಂಟೆ ನಿಂತಿತ್ತು. ನಿಮ್ಮ ಸೊಸೆ ಇಪ್ಪತ್ತನೇ ತಾರೀಕು ಆ ಗಲಾಟೇಲಿ ಗುಂಡು ಕೇಳಿಸ್ಕೊಳ್ತಾಳಾ?"

ಹೇಗಿದೆ ನೋಡು ನನ್ನ ಪಾತ್ರ! ಕೂಗಿದರೆ ನಮ್ಮ ಹುಡುಗಿ ಗುಂಡಿಗೆ ಮೊದಲೇ ಹಾರುತ್ತಾಳೆ. ಕೂಗದಿದ್ದರೆ ಗುಂಡು ಯಾರಿಗೂ ಕೇಳುವುದಿಲ್ಲ. ಬೇಗ ಕೂಗಿ ಮುಗಿಸಿಬಿಡುತ್ತೇನೆ ಎಂದು ಮೇಷ್ಟ್ರ ಬಳಿ ಹೋದೆ. ಮೊದಲು ಅವರ ಕೈ ಹಿಡಿದು ಕ್ಷಮೆ ಕೇಳಿದೆ, ಅದು ಬೇರೆ ಮಾತು. ಅವರು ತಲೆಯಾಡಿಸಿದರು. "ನೀವು ಕೂಗಿ ನಿಲ್ಸಿದ್ಮೇಲೆ ಈ ಜನ ಸುಮ್ನಿರೋದು ನಾಲ್ಕು ಉಸಿರು. ಅಷ್ಟರೊಳಗೆ ಹುಡುಗೀರನ್ನ ಎಬ್ಬಿಸಿ ಗುಂಡು ಹಾರಿಸ್ಬೇಕು. ಬೇಗ ಕೂಗಿದ್ರೆ ಪ್ರಯೋಜನ ಇಲ್ಲ."

ಹಾಗಾದರೆ ಬದಲಾಗಬೇಕಾದದ್ದು ನನ್ನ ಕೂಗಲ್ಲ.

ಇವತ್ತು ಬೆಳಗ್ಗೆ ತಾಲೀಮು ಮೈದಾನಕ್ಕೆ ಹೋದೆ. ಮುಳ್ಳುತಂತಿಯ ಆಚೆ ಕೆಂಪು ಬನಿಯನ್ನಿನವರು ಮೈ ಬಿಸಿಮಾಡಿಕೊಳ್ಳುತ್ತಿದ್ದರು. ನಿಮ್ಮ ಕೋಚಮ್ಮ ಸೀಟಿ ಊದುತ್ತ ನನ್ನೆದುರಿಗೇ ಬಂದರು. "ಎದುರು ಪಾರ್ಟಿ ಮೈಕಿನವರಿಗೆ ಇಲ್ಲೇನು ಕೆಲಸ?"

"ನಾನು ಆ ಹುಡುಗಿಯ ಸೋದರಮಾವ" ಎಂದೆ. ಎಲ್ಲ ಹೇಳಿದೆ. ಅವರು ನನ್ನನ್ನು ಪಾದದಿಂದ ನೆತ್ತಿಯವರೆಗೆ ನೋಡಿದರು.

"ಅಂದ್ರೆ ನೀವೇನಾ ಆ ಕಾಯಿಲೆ! ನಾಲ್ಕು ವರ್ಷದಿಂದ ಔಷಧಿ ಹುಡುಕ್ತಿದೀನಿ. ಜನ ಕೂಗ್ತಿದ್ರೆ ಬಂಡೆ ಹಾಗಿರ್ತಾಳೆ, ಸುಮ್ಮನಾದ್ರೆ ಹಾರ್ತಾಳೆ. ಯಾಕೆ ಅಂದ್ರೆ ಬಾಯಿ ಬಿಡಲ್ಲ. ಬನ್ನಿ ಒಳಗೆ!"

ಮಿಡತೆ ನನ್ನನ್ನು ಕಂಡವಳೇ ಬೆನ್ನು ತಿರುಗಿಸಿದಳು. "ಅಮ್ಮ ಬರೆದ್ಲಾ?" ಎಂದಳು. ಹೂಂ ಎಂದೆ. "ಮೈಕು ಬಿಟ್ರಾ?" ಇಲ್ಲ ಎಂದೆ, ಬಿಡಲು ಬಿಡಲಿಲ್ಲ ಎಂದೆ. ಆಗ ತಿರುಗಿದಳು. ಕಣ್ಣು ಊದಿತ್ತು.

ಕೋಚಮ್ಮ ಎರಡು ಮರದ ಹಲಗೆ ಹಿಡಿದು ನಿಂತರು. ಹಲಗೆ ಬಡಿದಾಗ ಓಡಬೇಕು, ಅದೇ ಗುಂಡು. ನಾನು ಕೂಗಿದೆ, ನಿಲ್ಲಿಸಿದೆ. ಹಾರಿದಳು. ಮತ್ತೆ ಕೂಗಿದೆ. ಮತ್ತೆ ಹಾರಿದಳು. ಮೊಣಕಾಲಿಗೆ ಕೈಯೂರಿ ಏದುಸಿರು ಬಿಡುತ್ತ, "ನಾನಲ್ಲ ಮಾವ, ಕಾಲು. ನಾನು ಬೇಡ ಅಂತಾನೇ ಇರ್ತೀನಿ, ಅದು ಹೋಗ್ಬಿಡುತ್ತೆ" ಎಂದಳು. ಉಳಿದ ಹುಡುಗಿಯರು ಓಟ ಬಿಟ್ಟು ನೋಡುತ್ತಿದ್ದರು. ನಾನು ಬೈದೆ, ಗೋಗರೆದೆ. ಹಾರಿದಳು. ಕಡೆಗೊಮ್ಮೆ ಬ್ಲಾಕಿನ ಮೇಲೆಯೇ ಕೂತು ಮುಖ ಮುಚ್ಚಿಕೊಂಡಳು. ನನಗೆ ಗಂಟಲು ಕಟ್ಟಿತು. ಹೌದು ತಂಗೀ, ಈ ಗಂಟಲು!

ಅವಳ ಮುಂದೆ ಮಣ್ಣಿನಲ್ಲಿ ಕೂತೆ. ಬಗ್ಗಿದ ಬೆನ್ನು, ನೆಲ ಮುಟ್ಟಿದ ಕೈ. ಹಾಗೆ ಬಗ್ಗಿ ಕೂರುತ್ತಿದ್ದವನೊಬ್ಬ ನಮ್ಮ ಕಂಪನಿಯಲ್ಲಿ ಇದ್ದ. ಅವನು ದೂತನಲ್ಲ.

"ಮಿಡತೆ, ನಮ್ಮ ಪರದೆ ಎಳೆಯೋ ಮಾಮ ಗೊತ್ತಲ್ಲ?"

"ಹೂಂ."

"ನಾನು ಕೂಗಿ ನಿಲ್ಸಿದಾಗ ಅವನು ಏನ್ ಮಾಡ್ತಿದ್ದ?"

"ಏನೂ ಇಲ್ಲ. ಹಗ್ಗ ಹಿಡ್ಕೊಂಡು ಕೂತಿರ್ತಿದ್ರು."

"ಎಲ್ಲೀವರೆಗೆ?"

"ಗಂಟೆ ಹೊಡಿಯೋವರೆಗೆ." ಮುಖದಿಂದ ಕೈ ತೆಗೆದು, "ಒಂದೊಂದ್ಸಲ ಗಂಟೆ ಹೊಡೆದ್ರೂ ಏಳ್ತಿರ್ಲಿಲ್ಲ ಮಾವ. ತೂಕಡಿಸ್ತಿದ್ರು."

"ಇವತ್ತಿಂದ ನಿನ್ನ ಪಾತ್ರ ಬದಲು! ದೂತನ ಪಾತ್ರ ಬೇರೆಯವರಿಗೆ ಕೊಟ್ಟಾಯ್ತು. ನೀನು ಪರದೆ ಮಾಮ. ಹಗ್ಗ ನಿನ್ನ ಕೈಲಿದೆ. ನಾನು ಎಷ್ಟೇ ಬಡ್ಕೊಂಡ್ರೂ ನಿನಗೆ ಸಂಬಂಧ ಇಲ್ಲ. ಗಂಟೆ ಬೇಕು ನಿನಗೆ, ಗಂಟೆ!"

"ಮಾಮನ ಮೀಸೆ ನನಗೆಲ್ಲಿದೆ?" ಎಂದಳು, ಮೂಗು ಒರೆಸಿಕೊಂಡು.

"ಅಂಟಿಸ್ಕೋ!"

ನಕ್ಕಳು ತಂಗೀ. ಕೋಚಮ್ಮನಿಗೆ ತಲೆಬುಡ ತಿಳಿಯಲಿಲ್ಲ, ಆದರೂ ಹಲಗೆ ಎತ್ತಿದರು. ನಾನು ಎದ್ದು ದೂರ ಹೋಗಿ ನಿಂತು, ಮೂರನೆಯ ಕೂಗನ್ನು ಮುಗಿಲಿಗೆ ಹತ್ತಿಸಿ ಕಡಿದೆ. ನೀನು ಬರೆದಿದ್ದ ಎಡ ಭುಜವನ್ನೇ ನೋಡುತ್ತಿದ್ದೆ. ಅದು ಇಳಿಯಲು ಹೊರಟಿತು. ಅಲ್ಲೇ ನಿಂತಿತು. ಅವಳು ಕೂತೇ ಇದ್ದಳು. ಹಲಗೆ ಬಡಿಯಿತು, ಆಗ ಎದ್ದಳು. ತಡವಾಗಿ ಎದ್ದಳು, ನಿಜ. ಆದರೆ ಹಲಗೆಗೆ ಎದ್ದಳು.

ನನ್ನ ಕೂಗಿಗೆ ಅವಳು ಕದಲಲಿಲ್ಲ! ಪರದೆಯ ಮುಂದೆ ನಿಂತ ದಿನದಿಂದ ನನಗೆ ಇಂಥ ಅವಮಾನ ಆಗಿರಲಿಲ್ಲ. ಬೇಲಿಯ ಕಂಬ ಹಿಡಿದು ಅತ್ತೆ. ಸಂತೋಷಕ್ಕೋ ಬೇರೆ ಯಾತಕ್ಕೋ, ನೀನು ಕೇಳಬೇಡ. ಆ ಓಣಿಯಲ್ಲಿ ನನಗಾಗಿ ಓಡಿದವಳು ಅವಳೊಬ್ಬಳೇ ಅಲ್ಲವೇ?

ಕಥೆ ಮುಗಿಯಿತು ಎಂದುಕೊಳ್ಳಬೇಡ. ಆಮೇಲೂ ಒಮ್ಮೆ ಹಾರಿದಳು, ಒಮ್ಮೆ ಕೂತಳು, ಮತ್ತೆ ಹಾರಿದಳು. ಬಿಸಿಲೇರಿತು. ಕೋಚಮ್ಮ ಹಲಗೆ ಕೆಳಗಿಟ್ಟು, "ಇವತ್ತು ಮೈದಾನ ಖಾಲಿ. ನಾಳೆ ತುಂಬಿರುತ್ತೆ. ನನಗೆ ಗ್ಯಾರಂಟಿ ಇಲ್ಲ" ಎಂದರು. ನನಗೂ ಇಲ್ಲ. ಮಿಡತೆ ಮಾತ್ರ ಚೀಲ ಹೆಗಲಿಗೇರಿಸಿ ಹತ್ತಿರ ಬಂದು, "ಕಮ್ಮಿ ಮಾಡ್ಬೇಡಿ ಮಾವ. ಅರ್ಧಂಬರ್ಧ ಕೂಗಿದ್ರೆ ನನಗೆ ಇನ್ನೂ ಗಲಿಬಿಲಿ" ಎಂದಳು. ಅದಕ್ಕೆ ಬಿಸಿನೀರು ಕುಡಿಯುತ್ತಿದ್ದೇನೆ. ನಗಬೇಡ.

ಮೀಸೆ ಡ್ರೈವರು ಹಾರನ್ ಹೊಡೆಯುತ್ತಿದ್ದಾನೆ. ಮೇಸ್ತ್ರಿ ಬಿಟ್ಟರೆ ಟಿವಿಯ ಮುಂದೆ ಕೂರು, ಬಿಡದಿದ್ದರೂ ಕೂರು.

ನಾಳೆ ಬೆಳಗ್ಗೆ ನಾನು ಗೂಡು ಹತ್ತುತ್ತೇನೆ. ಎಂಟೂ ಹೆಸರು ಹೇಳುತ್ತೇನೆ. ಜನ ತಗಡು ಬಡಿಯುತ್ತಾರೆ, ಮೇಷ್ಟ್ರು ನನ್ನತ್ತ ನೋಡುತ್ತಾರೆ. ಎದೆಯಲ್ಲಿರುವ ಗಾಳಿಯನ್ನೆಲ್ಲ ಸುರಿದು ಆ ಜನಸಾಗರಕ್ಕೆ ಸದ್ದು ಎನ್ನುತ್ತೇನೆ, ಏರಿಸುತ್ತೇನೆ, ನಿಲ್ಲಿಸುತ್ತೇನೆ. ನಿಲ್ಲಿಸಿದ ಮೇಲೆ ಯಾವತ್ತೂ ಜನರ ಮುಖ ನೋಡುತ್ತಿದ್ದೆ ತಂಗೀ, ಎಲ್ಲರೂ ಕೇಳಿದರೇ ಎಂದು. ನಾಳೆ ಅವಳೊಬ್ಬಳ ಬೆನ್ನು ನೋಡುತ್ತೇನೆ, ಅವಳು ಕೇಳದಿರಲಿ ಎಂದು.

ಅಣ್ಣ